ಹದ ಮಾಡದ ಕತ್ತರಿ

ಲೋಹಗೆಲಸದ ಸಂಜೆ ತರಗತಿಯ ಮೇಷ್ಟ್ರಿಗೆ ಒಂದೇ ಹಟ: ಲೋಹದ ಗುಣ ಬೋರ್ಡಿನ ಮೇಲಲ್ಲ, ಕೈಯಲ್ಲೇ ತಿಳಿಯಬೇಕು. ಅದಕ್ಕೇ ಹೊಸದಾಗಿ ಕಲಿಯಲು ಬಂದವರಿಗೆಲ್ಲ ಮನೆಯಿಂದ ಏನಾದರೂ ಉಕ್ಕಿನ ಸಾಮಾನು ತನ್ನಿ ಎಂದಿದ್ದರು. ಟೈಲರಮ್ಮ ತಂದದ್ದು ತೀರಿಹೋದ ತಾಯಿಯ ಕತ್ತರಿ. ಹೊಲಿಗೆ ಅಂಗಡಿಗೆ ಬೆಂಕಿ ಬಿದ್ದಾಗ ಬೂದಿಯಲ್ಲಿ ಸಿಕ್ಕಿದ್ದು. ಆಮೇಲೆ ಎಷ್ಟು ಸಾಣೆ ಹಿಡಿಸಿದರೂ ಹರಿತ ನಿಲ್ಲುತ್ತಿರಲಿಲ್ಲ.

"ಸಾರ್, ಇದಕ್ಕೆ ಮತ್ತೆ ಜೀವ ಬರುತ್ತಾ?"

"ಯಾಕೆ ಬರಲ್ಲ? ಬೆಂಕಿನೇ ಮೆತ್ತಗೆ ಮಾಡಿದ್ದು, ಬೆಂಕಿಯಿಂದಲೇ ಗಟ್ಟಿ ಮಾಡೋಣ."

ತಿರುಪು ಬಿಚ್ಚಿಸಿ, ಅಲಗುಗಳನ್ನು ಒಂದೊಂದಾಗಿ ಟೈಲರಮ್ಮನ ಕೈಯಿಂದಲೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿಸಿದರು. ಚುಂಯ್ ಎಂದಿತು. ಗಟ್ಟಿಯಾಯಿತೇ ಎಂದು ನೋಡಲು ಅರ ಉಜ್ಜಿದರೆ ಜಾರಿತು, ಗೀರೂ ಬೀಳಲಿಲ್ಲ.

"ಅಕ್ಕಾ, ಇನ್ನು ನಿಮ್ಮ ಯಜಮಾನರು ಹುಷಾರಾಗಿರಬೇಕು!" ಎಂದ ಪಕ್ಕದ ಬೆಂಚಿನ ವೆಲ್ಡರ್.

"ಅವರ ಬಾಯಿಗೆ ಈ ಕತ್ತರಿ ಸಾಲದಪ್ಪ," ಎಂದು ಟೈಲರಮ್ಮ ನಕ್ಕರು.

ಹೀಗೆ ಗಟ್ಟಿಯಾದ ಉಕ್ಕು ಗಾಜಿನಂತೆ ಪೆಡಸು, ಪೆಟ್ಟು ಬಿದ್ದರೆ ಮುರಿಯುತ್ತದೆ. ಮತ್ತೆ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕಾಯಿಸಿ ಹದ ಮಾಡಬೇಕು. ಮೇಷ್ಟ್ರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಹದ ಮಾಡುವುದು ಮುಂದಿನ ವಾರದ ಪಾಠ. ಎರಡನ್ನೂ ಒಟ್ಟಿಗೆ ಹೇಳಿದರೆ ಹೊಸಬರಿಗೆ ಗೊಂದಲವಾದೀತೆಂದು ಅವರೇ ಹಾಗೆ ಪಾಲು ಮಾಡಿದ್ದರು. ಟೈಲರಮ್ಮ ಕತ್ತರಿಯನ್ನು ಜೋಡಿಸಿ, ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುವಾಗ "ಇಲ್ಲೇ ಬಿಟ್ಟು ಹೋಗಿ" ಎನ್ನಬೇಕಿತ್ತು. ಆದರೆ ಅವರ ಮುಖದ ಸಂತೋಷ ನೋಡಿ ಮೇಷ್ಟ್ರು ಹಾಗನ್ನಲಿಲ್ಲ. ಒಂದು ವಾರದಲ್ಲಿ ಏನು ಮಹಾ ಆದೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮುಂದಿನ ತರಗತಿಯಲ್ಲಿ ಟೈಲರಮ್ಮ ಮೂರು ತುಂಡುಗಳನ್ನು ಮೇಜಿನ ಮೇಲಿಟ್ಟರು. ಒಂದು ಅಲಗು ಇಡಿಯಾಗಿತ್ತು, ಇನ್ನೊಂದು ಎರಡಾಗಿತ್ತು.

"ಕೈಜಾರಿ ನೆಲಕ್ಕೆ ಬಿತ್ತು ಸಾರ್. ತಪ್ಪು ನಂದೇ."

"ನಿಮ್ಮದಲ್ಲಮ್ಮ. ಅರ್ಧ ಕೆಲಸ ಮಾಡಿಸಿ ಕಳಿಸಿದ್ದು ನಾನು. ಹದ ಮಾಡಿದ್ದರೆ ಬಿದ್ದರೂ ಮುರೀತಿರಲಿಲ್ಲ."

ಟೈಲರಮ್ಮ ಅವರನ್ನೇ ನೋಡಿದರು. "ವಾರವೆಲ್ಲ ನನ್ನನ್ನೇ ಬೈಕೊಂಡೆ," ಎಂದರು ಮೆಲ್ಲಗೆ. "ಒಂದು ಮಾತು ಹೇಳಬಹುದಿತ್ತಲ್ಲ ಸಾರ್."

ಹೊಸದು ತಂದುಕೊಡುತ್ತೇನೆ ಎನ್ನುವ ಬದಲು ಮೇಷ್ಟ್ರು ಮುರಿದ ತುಂಡಿನ ಹಿಡಿಯನ್ನು ತಿರುಗಿಸಿ ನೋಡಿದರು. ಆ ತಾಯಿಯ ಬೆರಳಿಗೆ ಸವೆದ ಹಿಡಿ ಯಾವ ಅಂಗಡಿಯಲ್ಲಿ ಸಿಕ್ಕೀತು?

"ಉಳಿದಿರೋದನ್ನಾದ್ರೂ ಹದ ಮಾಡಿ," ಎಂದು ಟೈಲರಮ್ಮ ಇಡಿಯಾಗಿದ್ದ ಅಲಗನ್ನು ಮುಂದೆ ತಳ್ಳಿದರು.

ಮೇಷ್ಟ್ರು ಅದನ್ನು ಉಜ್ಜಿ ಹೊಳಪು ತಂದು, ಸಣ್ಣ ಉರಿಗೆ ಹಿಡಿದರು. ಹೊಂಬಣ್ಣ ನಿಧಾನವಾಗಿ ಹರಡಿತು. ಎಲ್ಲರೂ ಬಗ್ಗಿ ನೋಡಿದರು. ಟೈಲರಮ್ಮ ಮಾತ್ರ ಮುರಿದ ತುಂಡಿನ ಹಿಡಿಯೊಳಗೆ ಹೆಬ್ಬೆರಳು ತೂರಿಸಿಕೊಂಡು ಕೂತಿದ್ದರು.