ಯಾವ ಖಾಲಿ

ಗುಜರಿ ಯಾರ್ಡಿನ ಯಜಮಾನರು ಗೇಟಿಗೆ ಕಾಯಂ ಬೀಗ ಹಾಕುವ ವಾರ ನನ್ನನ್ನು ಕರೆದು, ಮೂಲೆಯಲ್ಲಿ ನಿಂತಿದ್ದ ಹಳೆಯ ಟ್ರೇಲರ್ ಕಡೆ ಗದ್ದ ಎತ್ತಿ, "ಇದನ್ನ ಒಡೆಸೋಕೆ ನನಗಿನ್ನು ತಾಳ್ಮೆ ಇಲ್ಲ ಕಣೋ. ಎಳ್ಕೊಂಡು ಹೋಗೋಕೆ ಆದ್ರೆ ನಿಂದೇ," ಎಂದರು.

ಎಳೆದುಕೊಂಡು ಹೋಗು ಅನ್ನುವುದು ಬಾಯಿಗೆ ಸುಲಭ. ಅದು ಬಸ್ಸಿಗಿಂತ ಉದ್ದ, ಅಕ್ಕನ ಮನೆಯ ತಾರಸಿಗಿಂತ ಎತ್ತರ. ಹಿಂದೆ ಸಾಲು ಚಕ್ರ, ಮುಂದೆ ಒಂದೂ ಇಲ್ಲ. ದೊಡ್ಡ ಲಾರಿಯ ಬೆನ್ನ ಮೇಲೆ ಗದ್ದ ಊರಿಕೊಂಡು ಓಡಾಡುವ ಜಾತಿ ಅದು. ಲಾರಿ ಬಿಟ್ಟು ಹೋದರೆ ಎರಡು ಕಬ್ಬಿಣದ ಕಾಲು ಇಳಿಸಿಕೊಂಡು ನಿಂತಲ್ಲೇ ತುಕ್ಕು ಹಿಡಿಯುತ್ತದೆ. ನಮ್ಮ ಹತ್ತಿರ ಅಂಥ ಲಾರಿ ಇರಲಿಲ್ಲ. ಅದನ್ನು ಓಡಿಸುವ ಲೈಸೆನ್ಸು ನಮ್ಮ ಪೈಕಿ ಯಾರಿಗೂ ಇರಲಿಲ್ಲ. ನನಗಂತೂ ಯಾವ ಲೈಸೆನ್ಸೂ ಇರಲಿಲ್ಲ. ಪರೀಕ್ಷೆ ಅಂದರೆ ನನಗೆ ಶಾಲೆ ಬಿಟ್ಟ ದಿನದಿಂದಲೂ ಮೈ ಉರಿಯುತ್ತದೆ.

ಆದರೂ ಅಕ್ಕನಿಗೆ ಹೇಳಿದೆ. ಅಕ್ಕ ಪರದೆ, ಸೀಟು ಕವರು ಹೊಲಿಯುತ್ತಾಳೆ. ಅವಳ ಮನೆಯಲ್ಲಿ ಬಟ್ಟೆ ಕತ್ತರಿಸುವ ಮೇಜೂ ಊಟದ ಮೇಜೂ ಒಂದೇ. ತಟ್ಟೆಯಲ್ಲಿ ದಾರ ಸಿಕ್ಕರೆ ಭಾವ ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಊಟ ಮುಂದುವರಿಸುತ್ತಾರೆ.

"ಹಿತ್ತಿಲ ಜಾಗದಲ್ಲಿ ನಿಲ್ಲಿಸಿದ್ರೆ ಅದೇ ಒಂದು ಹಾಲ್ ಆಗುತ್ತೆ," ಎಂದೆ. "ಎರಡು ಕಿಟಕಿ ಕೊಯ್ದು ಕೊಡ್ತೀನಿ."

ಅಕ್ಕ ಸೂಜಿ ಕಚ್ಚಿಕೊಂಡಿದ್ದ ತುಟಿಯಲ್ಲೇ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಭಾವ ಶಾಲೆಯ ವ್ಯಾನ್ ಓಡಿಸುತ್ತಾರೆ. ಅವರ ಲೈಸೆನ್ಸು ಪ್ಲಾಸ್ಟಿಕ್ ಕವರಿನೊಳಗೆ, ಕವರು ಅಂಗಿ ಜೇಬಿನೊಳಗೆ, ಜೇಬಿಗೊಂದು ಗುಂಡಿ. ಆ ಮನೆಯ ಅನ್ನ ಇರುವುದು ಆ ಗುಂಡಿಯ ಹಿಂದೆ. ಹಾಗಾಗಿ ನಾನು, "ಯಾರದಾದರೂ ಟ್ರ್ಯಾಕ್ಟರ್ ಕಟ್ಟಿ ಬೆಳಗಾಗೋದ್ರೊಳಗೆ ತಂದುಬಿಡೋಣ ಭಾವ, ಯಾರ್ ನೋಡ್ತಾರೆ," ಎಂದಾಗ ಅವರ ಕೈ ತಾನಾಗಿ ಆ ಗುಂಡಿಯ ಮೇಲೆ ಹೋಯಿತು.

"ಕಿಡಿ, ಸ್ವಲ್ಪ ತಡಿ. ದಾರಿ ಇರುತ್ತೆ. ಹುಡುಕೋಣ."

ನನಗೆ ಕಿಡಿ ಅಂತ ಹೆಸರಿಟ್ಟಿದ್ದು ಭಾವನೇ. ವೆಲ್ಡಿಂಗ್ ಮಾಡುತ್ತೇನೆ ಅಂತ ಅರ್ಧ, ಸಿಡುಕುತ್ತೇನೆ ಅಂತ ಅರ್ಧ.

ದಾರಿ ಹುಡುಕಿದರು. ವ್ಯಾನ್ ಬಿಟ್ಟುಬಂದು ಸಾರಿಗೆ ಕಚೇರಿಯ ಬೆಂಚಿನ ಮೇಲೆ ಕೂತು, ಈ ಕಿಟಕಿಯಿಂದ ಆ ಕಿಟಕಿಗೆ ಅಲೆದು, ನಿಯಮದ ಪುಸ್ತಕ ತಂದು ಊಟದ ಮೇಜಿನ ಮೇಲೆ ಹರಡಿದರು. ಲಾರಿಯೇ ಬೇಕು ಅಂತಿಲ್ಲ. ಟ್ರ್ಯಾಕ್ಟರ್ ಸಾಕು, ಗಾಳಿಯ ಬ್ರೇಕಿನ ಪೈಪು ಅದರಲ್ಲಿ ಇರಬೇಕು ಅಷ್ಟೆ. ಟ್ರೇಲರಿನ ಗದ್ದದ ಕೆಳಗೆ ಕೊಡಲು ಡಾಲಿ ಎಂಬ ಎರಡು ಚಕ್ರದ ಪುಟ್ಟ ಗಾಡಿ ಬೇಕು. ಸ್ವಂತ ಬಳಕೆಗೆ ಆಗಿರಬೇಕು, ಬಾಡಿಗೆಗೆ ಅಲ್ಲ. ಹಗಲು ಹೊತ್ತು, ಹಿಂದೊಂದು ಕಾರು, ಕೆಂಪು ಬಾವುಟ, ಒಂದು ದಿನದ ಪರವಾನಗಿ. ಎಲ್ಲಕ್ಕಿಂತ ಮುಖ್ಯ, ಟ್ರೇಲರ್ ಖಾಲಿ ಇರಬೇಕು. ಖಾಲಿ ಇದ್ದರೆ ತೂಕ ಭಾವನ ಲೈಸೆನ್ಸಿನ ಮಿತಿಯೊಳಗೆ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಅದು ಬೇರೆ ಲೈಸೆನ್ಸಿನ ಗಾಡಿ.

"ಮತ್ತೆ ರಿವರ್ಸ್ ಹೋಗೋ ಹಾಗಿಲ್ಲ," ಎಂದು ಭಾವ ರಬ್ಬರಿನ ಹಿಂದೆ ಪೆನ್ಸಿಲ್, ಪೆನ್ಸಿಲ್ ಹಿಂದೆ ಸ್ಕೇಲು ಜೋಡಿಸಿ ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು. ಮೂರೂ ಮೂರು ದಿಕ್ಕಿಗೆ ಮಡಚಿಕೊಂಡವು. "ನೋಡು, ಎರಡು ಕಡೆ ಮೊಣಕೈ ಇದೆ ಇದಕ್ಕೆ. ಒಂದ್ಸಲ ರೋಡಿಗೆ ಇಳಿದ್ವಿ ಅಂದ್ರೆ ಮುಂದಕ್ಕೇ."

"ಇಷ್ಟು ಪುರಾಣಕ್ಕೆ ಇಷ್ಟೊತ್ತಿಗೆ ಎಳ್ಕೊಂಡು ಬಂದಿರಬಹುದಿತ್ತು," ಎಂದೆ.

"ಬಂದಿರಬಹುದಿತ್ತು. ನಾಳೆ ಯಾರಾದ್ರೂ ಬಾಗಿಲು ತಟ್ಟಿದಾಗ ನೀನು ತೆಗೀತಿದ್ದೆ, ನಿಮ್ಮಕ್ಕ ಅಳ್ತಿದ್ಲು."

"ನಾನ್ಯಾಕ್ರೀ ಅಳ್ಲಿ," ಎಂದಳು ಅಕ್ಕ ಒಳಗಿನಿಂದ. "ನಿಮ್ಮಿಬ್ಬರನ್ನೂ ಒಳಗೆ ಹಾಕಿದ್ರೆ ಮೇಜು ಪೂರ್ತಿ ನನಗೇ."

ಟ್ರ್ಯಾಕ್ಟರ್ ಸಿಕ್ಕಿತು, ಡಾಲಿ ಸಮೇತ, ಭಾವನ ಗೆಳೆಯನ ನರ್ಸರಿಯದು. ಅದರ ಮುಂದಕ್ಕೆ 'ಸ್ವಂತ ಬಳಕೆಗೆ, ಬಾಡಿಗೆಗಲ್ಲ' ಎಂಬ ಬೋರ್ಡನ್ನು ನಾನೇ ಬರೆದೆ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ಯಾರ್ಡಿನಲ್ಲಿ ನನ್ನದೂ ಒಂದು ಸಂಸಾರವಿತ್ತು. ಬೇರೆಯವರು ಗುಜರಿ ಅಂತ ಎಸೆದದ್ದನ್ನು ನಾನು ಬಿಚ್ಚಿ, ತೊಳೆದು, ಜೋಡಿಸಿಕೊಂಡ ಸಂಸಾರ. ಒಂದು ಲೇತ್, ನೆಲಕ್ಕೆ ಕೂರಿಸುವ ಡ್ರಿಲ್ಲಿಂಗ್ ಮಷೀನು, ವೆಲ್ಡಿಂಗ್ ಸೆಟ್ಟು, ಕಬ್ಬಿಣ ಬಡಿಯುವ ಅಡಿಗಲ್ಲು, ದಪ್ಪ ತಗಡಿನ ಒಂದು ಕಂತೆ. ಯಜಮಾನರಿಗೆ ಗೊತ್ತು, ಒಯ್ಯಿ ಎಂದಿದ್ದರು. ಯಾರ್ಡಿನ ಕ್ರೇನ್ ಇನ್ನೂ ಇದ್ದಾಗಲೇ ಎಲ್ಲವನ್ನೂ ಎತ್ತಿ ಟ್ರೇಲರಿನೊಳಗೆ ಇಳಿಸಿದೆ. ಇಳಿಸಿ ಸುಮ್ಮನಾಗಲಿಲ್ಲ. ನೆಲಕ್ಕೆ ತೂತು ಕೊರೆದು ಬೋಲ್ಟ್ ಬಿಗಿದೆ.

ಅಲುಗಾಡದಿರಲಿ ಅಂತ ಬಿಗಿದೆ. ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಒಂದು ಸಲ ಮಷೀನು ಕೂತ ಜಾಗದಿಂದ ಅದನ್ನು ಯಾರೂ ಏಳಿಸುವುದಿಲ್ಲ. ಟ್ರೇಲರ್ ಹಿತ್ತಿಲಿಗೆ ಬಂದು, ಬಾಗಿಲು ತೆಗೆದಾಗ ಒಳಗೆ ನನ್ನ ವರ್ಕ್‌ಶಾಪ್ ಆಗಲೇ ಕೂತಿದ್ದರೆ ಅಕ್ಕ ಏನು ಮಾಡುತ್ತಾಳೆ? ಒಂದು ನಿಟ್ಟುಸಿರು ಬಿಟ್ಟು ಉಳಿದ ಅರ್ಧದಲ್ಲಿ ಹೊಲಿಯುತ್ತಾಳೆ. ಕಿಡಿ ಹಾರುವ ಜಾಗದ ಪಕ್ಕ ಪರದೆ ಬಟ್ಟೆ. ನಾನು ಅದನ್ನೂ ಯೋಚಿಸಿದ್ದೆ. ಯೋಚಿಸಿಯೂ ಬಿಗಿದೆ.

ಹೊರಡುವ ಬೆಳಿಗ್ಗೆ ಭಾವ ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದರು. ಗಾಳಿ ಪೈಪು ಜೋಡಿಸಿ, ಸದ್ದು ಕೇಳಿ, ಬ್ರೇಕು ಬಿಟ್ಟಿದ್ದನ್ನು ಬಗ್ಗಿ ನೋಡಿದರು. ಕೊನೆಗೆ ಹಿಂದೆ ಬಂದು ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಕೇಳಿದರು.

"ಖಾಲಿ ತಾನೆ?"

"ಖಾಲಿ ಭಾವ."

ನಮ್ಮ ಯಾರ್ಡಿನಲ್ಲಿ ಖಾಲಿ ಅಂದರೆ ಒಳಗೆ ಬೇರೆಯವರ ಮಾಲಿಲ್ಲ ಅಂತ. ಜಾಕಿ, ಸರಪಳಿ, ಡ್ರೈವರನ ಹಾಸಿಗೆ, ಸ್ಟೌ, ಅವನ ಮುರಿದ ಮಂಚ, ಏನೇ ತುಂಬಿರಲಿ, ಇಳಿಸುವ ಮಾಲು ಇಲ್ಲದಿದ್ದರೆ ಗಾಡಿ ಖಾಲಿ. "ಏನಿದೆಯೋ ಒಳಗೆ?" ಅಂತ ಕೂಗಿದರೆ, "ಖಾಲಿ, ನಂದೇ ಸಾಮಾನು," ಅಂತ ಉತ್ತರ ಬರುತ್ತದೆ. ಎಲ್ಲರೂ ಹಾಗೇ ಮಾತಾಡುತ್ತೇವೆ. ನನ್ನ ನಾಲಿಗೆಯ ಮೇಲೆ ಬಂದದ್ದೂ ಅದೇ ಖಾಲಿ. ಸುಳ್ಳಲ್ಲ. ಆದರೆ ಭಾವ ಕೇಳಿದ್ದು ಯಾವ ಖಾಲಿ ಅಂತ ನನಗೆ ಗೊತ್ತಿತ್ತು.

ಅವರು ಹಿಡಿಯಿಂದ ಕೈ ತೆಗೆದರು. ನೋಡಲಿಲ್ಲ. ಟೈರನ್ನು ನಂಬದ ಮನುಷ್ಯ ನನ್ನ ಮಾತನ್ನು ನಂಬಿ ಟ್ರ್ಯಾಕ್ಟರ್ ಹತ್ತಿದರು.

ಹಿಂದಿನ ಕಾರನ್ನು ಅಕ್ಕ ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕಿಟಕಿಯಿಂದ ಕೆಂಪು ಬಾವುಟ ಹಿಡಿದಿದ್ದೆ. ನಮ್ಮ ಮುಂದೆ ಆ ತುಕ್ಕಿನ ಗೋಡೆ ನಿಧಾನವಾಗಿ ಹೋಗುತ್ತಿತ್ತು. ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು, ಬೈದು, ಮುಂದೆ ಹೋದರು. ಅಕ್ಕ ಗೋಡೆಗೆ ಯಾವ ಬಣ್ಣ ಬಳಿಯೋಣ ಅಂತ ಕೇಳುತ್ತಿದ್ದಳು.

"ಬಿಳಿ ಬೇಡ ಕಣೋ, ಕೊಳೆಯಾಗುತ್ತೆ. ಕತ್ತರಿಸೋ ಮೇಜು ಉದ್ದಕ್ಕೆ ಹಾಕ್ತೀನಿ. ಒಂದು ಇಡೀ ಪರದೆ ಮಡಚದೆ ಹರಡಬಹುದು, ಗೊತ್ತಾ? ನಾನು ಇದುವರೆಗೂ ಒಂದು ಪರದೆಯನ್ನ ಪೂರ್ತಿ ನೋಡಿಲ್ಲ. ಅರ್ಧ ಅರ್ಧವೇ ಹೊಲಿದಿದೀನಿ."

ಹಿಂದಿನ ಟೈರುಗಳು ಕೆಳಗೆ ಅಗಲವಾಗಿದ್ದವು. ಖಾಲಿ ಗಾಡಿಯ ಟೈರು ಹಾಗಿರುವುದಿಲ್ಲ. ನನಗೆ ಕಾಣುತ್ತಿತ್ತು, ಅಕ್ಕನಿಗೆ ಕಾಣುತ್ತಿರಲಿಲ್ಲ.

ಸಣ್ಣದೊಂದು ಇಳಿಜಾರು ಬಂತು. ಟ್ರೇಲರ್ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿತು. ಟ್ರ್ಯಾಕ್ಟರಿನ ಹಿಂಭಾಗ ಒಮ್ಮೆ ಪಕ್ಕಕ್ಕೆ ಕುಣಿದದ್ದು ನನಗೆ ಕಂಡಿತು. ಇಳಿಜಾರು ಮುಗಿದ ಕೂಡಲೆ ಭಾವ ರಸ್ತೆಯ ಬದಿಯ ಅಗಲ ಜಾಗ ನೋಡಿ ನಿಲ್ಲಿಸಿದರು. ಇಳಿದು ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಯಾಕೋ ಭಾರ ಎಳೀತಿದೆ ಕಿಡಿ. ನೂಕ್ತಾ ಇದೆ. ಏನಿರಬಹುದು?"

ಇಲ್ಲಿ ಹೇಳಬಹುದಿತ್ತು. ಅಲ್ಲೇ ಒಂದು ಪೆಟ್ರೋಲ್ ಬಂಕ್ ಇತ್ತು, ಜಾಗ ಇತ್ತು, ಇಳಿಸಿ ಇಟ್ಟು ಹೋಗಬಹುದಿತ್ತು. ಮೊದಲ ಸಲದ ಖಾಲಿಗೆ ಯಾರ್ಡಿನ ಭಾಷೆಯ ನೆಪವಾದರೂ ಇತ್ತು. ಈಗ ಯಾವ ನೆಪವೂ ಇರಲಿಲ್ಲ. ಕಾರಿನೊಳಗೆ ಅಕ್ಕ ಇನ್ನೂ ಬಣ್ಣದ ಯೋಚನೆಯಲ್ಲಿದ್ದಳು. ಅವಳ ಮುಂದೆ ಬಾಗಿಲು ತೆಗೆಯುವುದು ನನ್ನಿಂದ ಆಗಲಿಲ್ಲ.

"ಹಳೇ ಬೇರಿಂಗು ಭಾವ. ಗ್ರೀಸ್ ಒಣಗಿರುತ್ತೆ," ಎಂದೆ.

"ನಿನಗೆ ಗೊತ್ತಿರುತ್ತೆ ಬಿಡು," ಎಂದರು. ನನಗೆ ಗೊತ್ತಿತ್ತು.

ತಪಾಸಣಾ ಠಾಣೆಯಲ್ಲಿ ತೂಕದ ಕಟ್ಟೆ ಇತ್ತು. ಪರವಾನಗಿಯಲ್ಲಿ ಅಲ್ಲಿ ತೂಗಿಸಬೇಕು ಅಂತ ಬರೆದಿದ್ದರು. ಭಾವ ಅದನ್ನು ಖುಷಿಯಿಂದಲೇ ಒಪ್ಪಿದ್ದರು. ಪರೀಕ್ಷೆಗೆ ಓದಿಕೊಂಡು ಹೋಗುವ ಹುಡುಗನ ಹಾಗೆ. ಇನ್‌ಸ್ಪೆಕ್ಟರ್ ಹೆಂಗಸು, ಕನ್ನಡಕ ಹಣೆಯ ಮೇಲೆ. ಕಾಗದಗಳನ್ನು ಒಂದೊಂದಾಗಿ ತಿರುವಿ, "ಅಬ್ಬಾ, ಎಲ್ಲಾ ಇದೆ," ಎಂದರು. "ನಿಮ್ಮ ಥರ ನಾಲ್ಕು ಜನ ಬಂದ್ರೆ ನಮಗೆ ಕೆಲಸವೇ ಇರಲ್ಲ. ಒಳಗೆ?"

"ಖಾಲಿ, ಮೇಡಮ್," ಎಂದರು ಭಾವ. ಎದೆ ಮುಂದೆ ಮಾಡಿ ಹೇಳಿದರು.

ಆಕೆ ತೂಕದ ಅಂಕಿ ನೋಡಿದರು. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಇನ್ನೊಮ್ಮೆ ನೋಡಿದರು. ಮುಖದಲ್ಲಿದ್ದ ನಗು ಎಲ್ಲೋ ಹೋಯಿತು.

"ಬಾಗಿಲು ತೆಗೀರಿ."

ತೆಗೆದವನು ನಾನೇ. ಬೆಳಕು ಒಳಗೆ ಬಿತ್ತು. ಲೇತ್, ಡ್ರಿಲ್ಲಿಂಗ್ ಮಷೀನು, ತಗಡಿನ ಕಂತೆ, ಎಲ್ಲಾ ಮನೆ ಮಾಡಿಕೊಂಡವರ ಹಾಗೆ ನಿಂತಿದ್ದವು. ಭಾವ ಅವನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ನನ್ನ ತಪ್ಪು ಮೇಡಮ್. ನಾನು ಒಳಗೆ ನೋಡಬೇಕಿತ್ತು."

ಅಕ್ಕ ಕಾರಿನಿಂದ ಇಳಿದು ಬಂದಿದ್ದಳು. ಬಾಗಿಲ ಅಂಚಿಗೆ ಕೈ ಊರಿ ಬಗ್ಗಿ ನೋಡಿದಳು. ಮಷೀನುಗಳನ್ನಲ್ಲ, ಅವುಗಳ ಪಾದವನ್ನು.

"ಬೋಲ್ಟ್ ಹಾಕಿದೀಯ," ಎಂದಳು.

ಅಷ್ಟೇ. ಸಾಗಿಸುವ ಸಾಮಾನಿಗೆ ಹಗ್ಗ ಕಟ್ಟುತ್ತಾರೆ, ಇರಲು ಬಂದದ್ದಕ್ಕೆ ಬೋಲ್ಟ್ ಹಾಕುತ್ತಾರೆ. ಅವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನನಗೆ ಯಾರ ಮೇಲೆ ಸಿಟ್ಟು ಅಂತ ಗೊತ್ತಾಗದಷ್ಟು ಸಿಟ್ಟು. ಇನ್‌ಸ್ಪೆಕ್ಟರ್ ಮುಂದೆ ಹೋಗಿ ನಿಂತೆ. "ಅವರಿಗೆ ಏನೂ ಗೊತ್ತಿಲ್ಲ. ತುಂಬಿದ್ದು ನಾನು, ಖಾಲಿ ಅಂದಿದ್ದೂ ನಾನು. ಏನು ಮಾಡ್ತೀರೋ ನನಗೆ ಮಾಡಿ."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಗದರಲಿಲ್ಲ.

"ನಿನ್ನ ಹತ್ರ ಲೈಸೆನ್ಸ್ ಇದೆಯಾ?"

"ಇಲ್ಲ."

"ಹಾಗಾದ್ರೆ ನಿನ್ನಿಂದ ಕಿತ್ಕೊಳ್ಳೋಕೆ ನನ್ನ ಕೈಲಿ ಏನೂ ಇಲ್ಲಪ್ಪ. ಸ್ಟೇರಿಂಗ್ ಹಿಡಿದಿದ್ದು ಅವರು."

ಭಾವ ಜೇಬಿನ ಗುಂಡಿ ಬಿಚ್ಚಿದರು. ಆ ಗುಂಡಿ ಬಿಗಿಯಾಗಿತ್ತು, ಎರಡು ಸಲ ಜಾರಿತು. ಕವರು ಸಮೇತ ಕೊಡಲು ಹೋದರು. ಆಕೆ ಲೈಸೆನ್ಸನ್ನಷ್ಟೇ ಎಳೆದುಕೊಂಡು ಕವರನ್ನು ವಾಪಸ್ಸು ಕೊಟ್ಟರು. ಭಾವ ಖಾಲಿ ಕವರನ್ನು ಮತ್ತೆ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ನನ್ನ ಮಷೀನುಗಳನ್ನು ಅಲ್ಲೇ ಬಿಚ್ಚಿ ಇಳಿಸಿದೆವು. ಆಮೇಲೆ ಯಾರಿಗೋ ಮಾರಿದೆ. ಟ್ರೇಲರನ್ನು ಮರುದಿನ ನರ್ಸರಿಯ ಗೆಳೆಯನೇ ತನ್ನ ಲೈಸೆನ್ಸಿನಲ್ಲಿ ಹಿತ್ತಿಲಿಗೆ ಮುಟ್ಟಿಸಿದ. ನಿಜವಾಗಿ ಖಾಲಿ ಇದ್ದ ಅದು ಇಳಿಜಾರಿನಲ್ಲಿ ಕುರಿಯ ಹಾಗೆ ಹಿಂದೆ ಬಂತಂತೆ.

ಭಾವನ ಲೈಸೆನ್ಸು ಶಾಲೆಯ ವರ್ಷ ಮುಗಿಯುವವರೆಗೆ ಸಿಗುವುದಿಲ್ಲ. ಶಾಲೆಯವರು ಕೆಲಸ ಬಿಡಿಸಲಿಲ್ಲ. ಅದೇ ವ್ಯಾನಿನಲ್ಲಿ ಬಾಗಿಲ ಹತ್ತಿರ ನಿಂತು ಮಕ್ಕಳನ್ನು ಹತ್ತಿಸಿ ಇಳಿಸುತ್ತಾರೆ, ಅರ್ಧ ಸಂಬಳಕ್ಕೆ. ಅವರ ಸೀಟಿನಲ್ಲಿ ಯಾರೋ ಹೊಸಬ. ಅವನು ಗೇರ್ ಬದಲಿಸುವಾಗ ಭಾವನ ಎಡಗಾಲು ನೆಲವನ್ನು ಒತ್ತುವುದನ್ನು ನಾನು ಒಮ್ಮೆ ರಸ್ತೆಯಲ್ಲಿ ನಿಂತು ನೋಡಿದೆ. ಮತ್ತೆ ಆ ಹೊತ್ತಿಗೆ ಆ ರಸ್ತೆಗೆ ಹೋಗಲಿಲ್ಲ.

ಮನೆಯಲ್ಲಿ ನನಗೆ ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಭಾವ ಅದನ್ನೊಂದು ತಮಾಷೆ ಮಾಡಿಕೊಂಡರು. ಅಕ್ಕ, "ಚಹಾ ಖಾಲಿನಾ?" ಅಂದರೆ, "ಯಾವ ಖಾಲಿ ಅಂತ ಕಿಡಿನ ಕೇಳು," ಅನ್ನುತ್ತಾರೆ. ಅಕ್ಕ ನಗುತ್ತಾಳೆ. ನಾನೂ ನಗಬೇಕು.

ಕಿಟಕಿ ಕೊಯ್ದು ಕೊಟ್ಟೆ, ಮೂರು. ಹಸಿರು ಬಣ್ಣ ಬಳಿದೆ. ನೆಲದ ಬೋಲ್ಟಿನ ತೂತುಗಳನ್ನು ಮುಚ್ಚಲು ತಗಡು ತಂದಾಗ ಅಕ್ಕ ಬೇಡ ಎಂದಳು.

"ಇರ್ಲಿ ಬಿಡೋ. ಕಸ ಗುಡಿಸಿದ್ರೆ ಅಲ್ಲಿಂದಲೇ ಬಿದ್ದು ಹೋಗುತ್ತೆ." ನನ್ನ ಮುಖ ನೋಡಿ, ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಕೇಳಿದ್ರೆ ಅರ್ಧ ಜಾಗ ಕೊಡ್ತಿದ್ದೆ ಕಣೋ. ಕೇಳಬೇಕಿತ್ತು, ಅಷ್ಟೆ."

ಅದನ್ನು ಅವಳು ಹೇಳಬಾರದಿತ್ತು.

ಈಗ ಸಂಜೆ ಹೊತ್ತು ಆ ಉದ್ದ ಮೇಜಿನ ಒಂದು ತುದಿಯಲ್ಲಿ ಕೂರುತ್ತೇನೆ. ಎದುರಿಗೆ ಭಾವ, ನಡುವೆ ಅದೇ ನಿಯಮದ ಪುಸ್ತಕ. ನಾನು ಪರೀಕ್ಷೆಗೆ ಹೆಸರು ಕೊಟ್ಟಿದ್ದೇನೆ. ಒಂದು ಸಲ ಫೇಲಾದೆ, ಎರಡನೇ ಸಲಕ್ಕೆ ಓದುತ್ತಿದ್ದೇನೆ. ಗಾಡಿ ಓಡಿಸುವ ಆಸೆಯಿಂದಲ್ಲ. ಮುಂದೊಂದು ದಿನ ಯಾರಾದರೂ ನನ್ನನ್ನು ನಿಲ್ಲಿಸಿ ಕೇಳಿದರೆ, ಬೇರೆಯವರ ಜೇಬಿಗೆ ಕೈ ಹಾಕದೆ ನನ್ನದೇ ಜೇಬಿನಿಂದ ಕಿತ್ತುಕೊಳ್ಳಲು ಏನಾದರೂ ಇರಲಿ ಅಂತ.

"ವಾಹನದ ಖಾಲಿ ತೂಕ ಎಂದರೇನು?" ಭಾವ ಪುಸ್ತಕ ನೋಡಿ ಕೇಳುತ್ತಾರೆ.

ನನಗೆ ಉತ್ತರ ಗೊತ್ತು. ಬಾಯಿ ಮಾತ್ರ ಬೇಗ ತೆರೆಯುವುದಿಲ್ಲ. ಭಾವ ಕಾಯುತ್ತಾರೆ, ಬೆರಳು ಆ ಸಾಲಿನ ಮೇಲಿಟ್ಟುಕೊಂಡು. ಮೇಜಿನ ಆ ತುದಿಯಲ್ಲಿ ಅಕ್ಕ ಒಂದು ಇಡೀ ಪರದೆಯನ್ನು ಮಡಚದೆ ಹರಡಿಕೊಂಡು, ಅದರ ಅಂಚು ನಮ್ಮ ಪುಸ್ತಕಕ್ಕೆ ತಾಗದ ಹಾಗೆ ಕೈಯಿಂದ ಸವರಿ ಸರಿಮಾಡುತ್ತಿರುತ್ತಾಳೆ.