ಎದೆಯುರಿಯ ಪುಡಿ ಕುಟ್ಟಿದ ಕಲ್ಲು

ನಾನು ಒಂದು ಕುಟ್ಟಾಣಿ. ಒಂದು ಗೇಣೆತ್ತರದ ಕರಿಕಲ್ಲು, ನಡುವೆ ಒಂದು ಹಿಡಿ ಕಾಳು ಹಿಡಿಯುವಷ್ಟು ಗುಳಿ. ಬಂಡೆಯೊಳಗಿದ್ದಾಗ ನನಗೆ ಬಾಯಿ ಇರಲಿಲ್ಲ. ಕಲ್ಲು ಕಡಿಯುವ ದುರ್ಗಪ್ಪ ಮೂರು ದಿನ ಉಳಿಯಿಂದ ಕೊರೆದು ಬಾಯಿ ಮಾಡಿದ. ಬಾಯಿ ಬಂದ ದಿನವೇ ಹಸಿವು ಎಂದರೇನೆಂದು ತಿಳಿಯಿತು.

ಗುಳೇದಗುಡ್ಡದ ಸಂತೆಯಲ್ಲಿ ಸಾಂವಕ್ಕ ನನ್ನನ್ನು ಕೊಂಡಳು. ಬೆರಳಿನಿಂದ ತಟ್ಟಿ, ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೊಸೆಯ ತಲೆಯ ಮೇಲೆ ಹೊರಿಸಿದಳು. ಆ ಸೊಸೆಯೇ ಇಂದ್ರವ್ವ. ಮದುವೆಯಾಗಿ ಎರಡು ತಿಂಗಳಾಗಿತ್ತು. ದಾರಿಯುದ್ದಕ್ಕೂ, ಸಿಂಬಿ ಜಾರಿದಾಗಲೆಲ್ಲ ಕೈಯೆತ್ತಿ ನನ್ನನ್ನು ಹಿಡಿದುಕೊಳ್ಳುತ್ತಿದ್ದಳು.

ಅದು ನೇಕಾರರ ಮನೆ. ಪಡಸಾಲೆಯಲ್ಲಿ ಮಗ್ಗ. ಇಂದ್ರವ್ವನ ಗಂಡ ಮಾನಪ್ಪ ಬೆಳಗಾಗುತ್ತಲೇ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ, ಎರಡೂವರೆಗೆ ಮೊದಲು ಏಳುತ್ತಿರಲಿಲ್ಲ. ಆ ಮನೆಗೊಂದು ನೇಮವಿತ್ತು.

"ಮಗ್ಗದಾಂವ ಏಳೂ ಮೊದ್ಲ ಹೆಂಗಸ್ರು ಉಂಡ್ರ ಎಳಿ ಹರೀತಾವು," ಎಂದು ಸಾಂವಕ್ಕ ಮೊದಲ ದಿನವೇ ಸೊಸೆಗೆ ಹೇಳಿದ್ದಳು.

ನಾನು ಅಡುಗೆಮನೆಯ ಗೋಡೆಯ ಬುಡದಲ್ಲಿದ್ದೆ. ಅಲ್ಲಿಂದ ಇಂದ್ರವ್ವನ ಪಾದಗಳು, ಅವಳು ಕುಳಿತಾಗ ಮುಖ, ಎರಡೂ ಕಾಣುತ್ತಿದ್ದವು. ಹಸಿವು ಕಟ್ಟಲು ಅವಳು ಕರಿಚಹಾ ಕುಡಿಯುತ್ತಿದ್ದಳು. ಎಲ್ಲರದೂ ಆದ ಮೇಲೆ ರೊಟ್ಟಿಗೆ ಕೆಂಪುಚಟ್ನಿ ಹಚ್ಚಿ ಗಬಗಬನೆ ತಿಂದು, ಹಾಗೆಯೇ ಪಾತ್ರೆ ತಿಕ್ಕಲು ಬಗ್ಗುತ್ತಿದ್ದಳು. ಹುಳಿನೀರು ಗಂಟಲಿಗೆ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಎದೆ ಒತ್ತಿಕೊಂಡು ಕುಳಿತುಬಿಟ್ಟಳು.

ಸಾಂವಕ್ಕ ಬಯ್ಯಲಿಲ್ಲ. ಪಕ್ಕದಲ್ಲಿ ಕುಳಿತು ನನ್ನನ್ನು ಎಳೆದುಕೊಂಡಳು. "ಪಿತ್ತ ಏರೇತಿ ನೋಡವ. ಜೀರಿಗಿ ಹುರಕೊ, ಕೊತ್ತಂಬರಿ ಬೀಜ ಹಾಕು, ಒಂದ್ ಚೂರ ಕಲ್ಲಸಕ್ಕರಿ. ನುಣ್ಣಗ ಕುಟ್ಟಬ್ಯಾಡ, ತರಿತರಿ ಇರ್ಲಿ." ತೆಳ್ಳನೆಯ ಮಜ್ಜಿಗೆಯಲ್ಲಿ ಕದಡಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಇಂದ್ರವ್ವನ ಹುಬ್ಬಿನ ಗಂಟು ಸಡಿಲಾಯಿತು. ಸಾಂವಕ್ಕನ ಎದೆಯೂ ಮೂವತ್ತು ವರ್ಷ ಹೀಗೆಯೇ ಉರಿದಿತ್ತು. ಮದ್ದು ಅವಳಿಗೆ ಗೊತ್ತಿತ್ತು. ಮೊದಲು ಉಣ್ಣು ಎನ್ನುವುದು ಮಾತ್ರ ಅವಳ ಬಾಯಿಗೆ ಬರಲಿಲ್ಲ.

ವರ್ಷಗಳು ಹೋದವು. ಸಾಂವಕ್ಕ ತೀರಿಕೊಂಡಳು. ಮಗನ ಮದುವೆಯಾಗಿ ಸೊಸೆ ಪವಿತ್ರಾ ಬಂದಳು, ಜೊತೆಗೆ ಮಿಕ್ಸರ್ ಬಂತು. ನಾನು ಹಿತ್ತಲ ಬಾಗಿಲು ಮುಚ್ಚಿಕೊಳ್ಳದಂತೆ ಆನಿಕೆಯಾದೆ. ಹಿಡಿ ಜೀರಿಗೆ ಮಿಕ್ಸರಿನ ತಳಕ್ಕೂ ಹತ್ತುವುದಿಲ್ಲವಾದ್ದರಿಂದ ಇಂದ್ರವ್ವ ಮಾತ್ರ ನನ್ನ ಬಳಿ ಬಂದು ಕೂರುತ್ತಿದ್ದಳು. ನಮ್ಮಿಬ್ಬರಿಗೂ ಬೇರೆ ಜೊತೆ ಇರಲಿಲ್ಲ.

ಆಮೇಲೆ ಮಾನಪ್ಪನೂ ಹೋದ. ಮಗ ಬಟ್ಟೆಯಂಗಡಿಯ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವವನು. ಮಗ್ಗ ಬಿಚ್ಚಿದರು, ಕುಣಿಗೆ ಮಣ್ಣು ತುಂಬಿ ಫರಸಿಕಲ್ಲು ಹಾಸಿದರು. ಆದರೂ ಇಂದ್ರವ್ವ ಎರಡೂವರೆಯವರೆಗೆ ತಟ್ಟೆ ಮುಟ್ಟುತ್ತಿರಲಿಲ್ಲ. ಮನೆಯಲ್ಲೇ ಹೊಲಿಗೆ ಹೊಲಿಯುವ ಪವಿತ್ರಾ ಕರೆದರೆ, "ನಿಂದಾಗ್ಲಿ, ಉಣ್ಣು" ಎಂದು ಗೋಡೆಯ ಕಡೆ ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ಪವಿತ್ರಾ ಎದೆಯ ಮೇಲೆ ಕೈಯಿಟ್ಟುಕೊಂಡು ಹಿತ್ತಲಿಗೆ ಬಂದಳು.

"ಅತ್ತಿ, ನಿಮ್ಮ ಆ ಪುಡಿ ಒಂಚೂರು ಕೊಡ್ರಿ. ಎದ್ಯಾಗ ಬೆಂಕಿ ಬಿದ್ದಂಗ ಆಗೇತಿ."

"ಹರೇದ ಹುಡುಗಿ, ನಿನಗ್ಯಾಕ ಬಂತ ಇದು?" ಇಂದ್ರವ್ವ ಕುಟ್ಟತೊಡಗಿದಳು. "ಏನ್ ತಿಂದಿದ್ದಿ?"

"ಚಾ ಕುಡದೇನ್ರಿ. ಮೂರ್ ಸಲ."

"ಊಟ?"

"ನಿಮ್ದಾಗ್ಲಿ ಅಂತ ಕುಂತೇನ್ರಿ."

ಕುಟ್ಟುವ ಗುಂಡು ನನ್ನ ಬಾಯಲ್ಲೇ ನಿಂತಿತು.

"ಎಷ್ಟ ದಿನಾತು ಹಿಂಗ?"

"ಮಾವಾರು ಹೋದಾಗಿಂದ. ದೊಡ್ಡವರು ಹಸದ ಕುಂತಾಗ ನನಗ ತುತ್ತು ಹ್ಯಾಂಗ ಇಳೀಬೇಕ್ರಿ?"

"ಉಣ್ಣಂತ ದಿನಾ ಹೇಳೀನಲ್ಲ!"

"ಹೇಳ್ತೀರಿ. ತಾವು ಗ್ವಾಡಿ ನೋಡ್ಕೋತ ಕುಂದರ್ತೀರಿ." ಪವಿತ್ರಾ ಉರಿಯ ನಡುವೆಯೇ ನಕ್ಕಳು. "ಮಗ್ಗನ ಇಲ್ಲ. ಇನ್ನ ಯಾವ ಎಳಿ ಹರೀತೈತ್ರಿ ಅತ್ತಿ?"

ಇಂದ್ರವ್ವ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ, ಸೊಸೆ ಕೊನೆಯ ಗುಟುಕು ಕುಡಿಯುವವರೆಗೂ ಅವಳ ಬೆನ್ನು ಸವರುತ್ತ ಕುಳಿತಳು. ತಾನು ಅದನ್ನು ಮುಟ್ಟಲಿಲ್ಲ.

ಮರುದಿನ ಹನ್ನೆರಡೂವರೆಗೆ ಅಡುಗೆಮನೆಯಲ್ಲಿ ಎರಡು ತಟ್ಟೆಗಳ ಸದ್ದು ಕೇಳಿತು. ತೆರೆದ ಬಾಗಿಲಿನಿಂದ ನೋಡಿದೆ. ಇಂದ್ರವ್ವ ತಟ್ಟೆಯ ಮುಂದೆ ಕುಳಿತಿದ್ದಳು. ಕೈ ಮಾತ್ರ ಮೇಲೇಳದು. ಕಣ್ಣು ಮಗ್ಗವಿದ್ದ ಪಡಸಾಲೆಯ ಕಡೆಗೇ ಹೋಗುತ್ತಿತ್ತು.

"ಅವರಿನ್ನೂ ಎದ್ದಿಲ್ಲ ಅನಸ್ತೈತೆವ," ಎಂದಳು, ಮೆಲ್ಲಗೆ.

ಪವಿತ್ರಾ ಈ ಸಲ ನಗಲಿಲ್ಲ. "ಎದ್ದಾರ್ರಿ ಅತ್ತಿ. ಉಣ್ರಿ," ಎಂದಳು.

ಇಂದ್ರವ್ವ ರೊಟ್ಟಿ ಮುರಿದಳು.

ಅದಾದ ಮೇಲೆ ನನ್ನನ್ನು ಕರೆಯುವವರು ಕಡಿಮೆಯಾದರು. ಬಾಗಿಲು ಹಿಡಿದಿಡಲೂ ಹೊಸ ಕೊಂಡಿ ಬಂತು. ಈಗ ನಾನು ಬಚ್ಚಲ ಪಕ್ಕದ ಮೂಲೆಯಲ್ಲಿದ್ದೇನೆ. ನನ್ನ ಬಾಯಲ್ಲಿ ಮಳೆನೀರು ನಿಂತರೆ ಗುಬ್ಬಿಗಳು ಕುಡಿದು ಹೋಗುತ್ತವೆ. ಉಳಿದ ದಿನಗಳಲ್ಲಿ ಯಾರೂ ಬರುವುದಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಇಂದ್ರವ್ವನ ಹೆಜ್ಜೆ ಸಪ್ಪಳವಾದಾಗ, ನನ್ನ ಬಳಿ ಬಂದಳೇನೋ ಎಂದು ಆಸೆಯಾಗುತ್ತದೆ. ಬಾರದಿರಲಿ ಎಂದೂ ಅನ್ನಿಸುತ್ತದೆ. ಹೆಜ್ಜೆ ನನ್ನನ್ನು ದಾಟಿ ಬಚ್ಚಲಿಗೆ ಹೋಗುತ್ತದೆ. ಅವಳು ಕೈ ತೊಳೆದ ನೀರು ಹರಿದು ನನ್ನ ಬುಡಕ್ಕೆ ಬರುತ್ತದೆ. ಅದರಲ್ಲಿ ರೊಟ್ಟಿಯ ಒಂದೆರಡು ಚೂರುಗಳಿರುತ್ತವೆ.