ಬಲಕ್ಕೆ ತಿರುಗುವ ಡಿಸ್ಕು

ನಮ್ಮ ಅಕ್ಕ ಬಡಗಿ. ಕುರ್ಚಿಯಾಗಲಿ ಮೆಟ್ಟಿಲಾಗಲಿ, ಅವಳ ಕೈಯಿಂದ ಹೊರಬಂದ ಮರದ ಮೇಲೆ ನೊಣ ಕೂತರೂ ಜಾರಬೇಕು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಏನು ಸಿಕ್ಕಿದರೂ ದೀಪಕ್ಕೆ ಹಿಡಿದು ನೋಡದೆ ಬಿಡುವವಳಲ್ಲ. ಇದಕ್ಕೆ ಭಾವ ಇಟ್ಟ ಹೆಸರು ಪತ್ತೇದಾರಿಕೆ, ಅಮ್ಮ ಇಟ್ಟಿದ್ದು ಅಧಿಕಪ್ರಸಂಗ.

ಅಕ್ಕ ನಾನು ಜೋಡಿಯಾಗಿ ಡಿಸ್ಕ್ ಗಾಲ್ಫ್ ಆಡುತ್ತೇವೆ. ಪ್ಲಾಸ್ಟಿಕ್ ತಟ್ಟೆಯನ್ನು ಮರಗಳ ನಡುವೆ ಎಸೆಯುತ್ತಾ ಹೋಗಿ, ಕೊನೆಗೆ ಸರಪಳಿ ತೂಗುಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸುವ ಆಟ. ಬಹಳ ದೂರಕ್ಕೆ ಒಂದು ಬಗೆಯ ಡಿಸ್ಕು, ಬುಟ್ಟಿಗೆ ಹಾಕಲು ಇನ್ನೊಂದು. ಇವೆರಡರ ನಡುವಿನದು ಫೇರ್‌ವೇ ಡ್ರೈವರ್. ಇದರಲ್ಲಿ ದೂರಕ್ಕಿಂತ ನಂಬಿಕೆ ಮುಖ್ಯ. ಮರಗಳ ಸಂದಿಯಲ್ಲಿ ನೇರ ಹೋಗಿ, ವೇಗ ಇಳಿದ ಮೇಲೆ ತುಸು ಎಡಕ್ಕೆ ವಾಲಿ ಕೂರಬೇಕು. ಎಸೆದಾಗಲೆಲ್ಲ ಹಾಗೇ ಮಾಡಬೇಕು.

ಅಕ್ಕನ ಹಳೆಯ ಕೆಂಪು ಡಿಸ್ಕು ಹಾಗೇ ಮಾಡುತ್ತಿತ್ತು. ಅದು ಕೆರೆಯ ಪಾಲಾಯಿತು. ಅದರ ಬೆನ್ನಿಗೇ ಅವಳ ಬಲಭುಜಕ್ಕೆ ಆಪರೇಷನ್. ತಿಂಗಳುಗಟ್ಟಲೆ ಮನೆಯಲ್ಲೇ ಕೂತಳು. ಭುಜ ವಾಸಿಯಾಗಿದೆ, ಇನ್ನು ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಹೊಸ ಡಿಸ್ಕು ತಂದು ಎಸೆದು ನೋಡುತ್ತೇನೆ, ಅದೇ ಹೇಳಲಿ ಎಂದಳು.

ಹೊಸ ಡಿಸ್ಕು ಬಲಕ್ಕೆ ತಿರುಗಿ ಪೊದೆಗೆ ಬಿತ್ತು. ಇನ್ನೊಂದು ತಂದಳು, ಅದೂ ಬಲಕ್ಕೆ. ಮತ್ತೊಂದು ಭಾವನ ಕಾರಿನ ಮೇಲೆ ಹೋಗಿ ಕೂತಿತು.

"ಸಾಕು ಕಣೆ, ಭುಜ ಹೋಯ್ತು," ಎಂದಳು ಅಕ್ಕ. "ಸೋಮವಾರ ಗರಗಸದ ಯಂತ್ರ ನೋಡೋಕೆ ಒಬ್ರು ಬರ್ತಿದಾರೆ. ಮಾರಿ, ಕೆಲಸ ಬಿಟ್ಬಿಡ್ತೀನಿ. ಭಾನುವಾರದ ಪಂದ್ಯಕ್ಕೆ ನಿಮ್ಮ ಭಾವನ್ನ ಕರ್ಕೊಂಡು ಹೋಗು."

"ಭಾವ ಎಸೆದ್ರೆ ಡಿಸ್ಕು ಕೈಯಲ್ಲೇ ಇರತ್ತೆ, ಭಾವ ಮಾತ್ರ ಹೋಗಿ ಬೀಳ್ತಾರೆ."

ಅವಳು ನಗಲಿಲ್ಲ. ಮರದ ಪುಡಿ ಮೆತ್ತಿಕೊಳ್ಳದ ಅಕ್ಕನನ್ನು ನಾನು ಕಲ್ಪಿಸಿಕೊಳ್ಳಲೂ ಆರೆ.

ಆದರೆ ತಲೆಯಲ್ಲಿ ಒಂದು ಹುಳವೂ ಹೊಕ್ಕಿತ್ತು. ಅಕ್ಕ ಬಲಗೈಯವಳು. ಬಲಗೈ ಸೋತಿದ್ದರೆ ವೇಗ ಸಾಲದೆ ಡಿಸ್ಕು ಬೇಗ ಎಡಕ್ಕೆ ಬೀಳಬೇಕು. ಇದು ಬಲಕ್ಕೆ ಹೋಗುತ್ತಿದೆ. ಸೋತ ಕೈ ಹೀಗೆ ಮಾಡುವುದುಂಟೆ?

ಡಿಸ್ಕು ಮಾರುವವನನ್ನು ಆಟದವರೆಲ್ಲ ಚಕ್ರಪಾಣಿ ಎಂದೇ ಕರೆಯುವುದು. ಅವನಲ್ಲಿಗೆ ಹೋಗಿ, ಅಕ್ಕ ಕೊನೆಗೆ ಕೊಂಡ ಮಾದರಿಯದೇ ಎರಡು ಡಿಸ್ಕು ತೆಗೆದುಕೊಂಡೆ.

"ಇದು ಎಡಕ್ಕೆ ವಾಲೋ ಜಾತಿ, ಬಲಕ್ಕೆ ಹೋಗೋ ಮಾತೇ ಇಲ್ಲ," ಎಂದ.

"ಅಕ್ಕನ ಹತ್ರ ಹೋಗ್ತಿದೆಯಲ್ಲ?"

"ಹಾಗಾದ್ರೆ ನಿಮ್ಮಕ್ಕನ್ನೇ ಕೇಳಿ."

ಕೇಳುವ ಬದಲು ನೋಡಿದೆ. ಹೊಸದೊಂದನ್ನೂ ಭಾವನ ಕಾರಿನ ಮೇಲೆ ಬಿದ್ದಿದ್ದ ಅಕ್ಕನದನ್ನೂ ನನ್ನ ಮೇಜಿನ ದೀಪದಡಿ ಹಿಡಿದು, ಅಂಚಿನ ಕೆಳಗೆ ಉಗುರು ಆಡಿಸಿದೆ. ಹೊಸದರಲ್ಲಿ ಸುತ್ತಲೂ ಕೂದಲೆಳೆಯಷ್ಟು ಏಣು; ಅಚ್ಚು ಬಿಟ್ಟ ಗುರುತು. ಉಗುರು ತಡೆಯಿತು. ಅಕ್ಕನದರಲ್ಲಿ ಉಗುರು ಸರ್ರನೆ ಜಾರಿತು. ಎಸೆದು ಸವೆದದ್ದಾದರೆ ಗೀರು ಇರಬೇಕಿತ್ತು. ಇದು ಮಗುವಿನ ಕೆನ್ನೆಯ ಹಾಗಿತ್ತು.

ಆ ಸಂಜೆ ಅವಳ ಮನೆಗೆ ಹೋದೆ. ಅಕ್ಕ ಊಟದ ಮೇಜಿನ ಮುಂದೆ ಕೂತು ಭಾವನ ಜೊತೆ ಹರಟುತ್ತಿದ್ದಳು. ಎಡಗೈಯಲ್ಲಿ ಮರದ ಸೌಟು, ಬಲಗೈಯಲ್ಲಿ ಸ್ಯಾಂಡ್‌ಪೇಪರಿನ ಚೂರು. ಕಣ್ಣು ಭಾವನ ಮೇಲೆ, ಕೈ ಮಾತ್ರ ಸೌಟಿನ ಹಿಡಿಯನ್ನು ಉಜ್ಜುತ್ತಲೇ ಇತ್ತು.

"ಬೆರಳು ಆಡಿಸ್ತಾ ಇರಿ ಅಂತ ಡಾಕ್ಟರು ಹೇಳಿದ್ದೇ ಹೇಳಿದ್ದು," ಎಂದು ಭಾವ ಗೊಣಗಿದರು. "ಮನೇಲಿ ಒಂದು ಹಿಡಿ ಉಳಿದಿಲ್ಲ. ನನ್ನ ಬಾಚಣಿಗೆಯೂ ನುಣ್ಣಗಾಗಿದೆ."

ಥಟ್ಟನೆ ಹೊಳೆಯಿತು. ಆದರೂ ಬಾಯಿ ಬಿಗಿಹಿಡಿದೆ. ಹೇಳಿದ್ದರೆ ಸಮಾಧಾನಕ್ಕೆ ಕಥೆ ಕಟ್ಟುತ್ತಿದ್ದೀಯ ಎನ್ನುತ್ತಿದ್ದಳು. ಅಕ್ಕನಿಗೆ ಹೇಳಿ ಒಪ್ಪಿಸಿದವರು ಈವರೆಗೆ ಹುಟ್ಟಿಲ್ಲ.

ಶನಿವಾರ ಕೊನೆಯ ಸಲ ಎಂದು ಕಾಡಿ ಬೇಡಿ ಮೈದಾನಕ್ಕೆ ಎಳೆದುಕೊಂಡು ಹೋದೆ. ಎಸೆಯುವ ಕಟ್ಟೆಯ ಮೇಲೆ ನಿಲ್ಲಿಸಿ, ಕವರಿನಿಂದ ತೆಗೆದ ಎರಡನೆಯ ಡಿಸ್ಕನ್ನು ಕೈಗಿಟ್ಟೆ. ಅವಳ ಹೆಬ್ಬೆರಳು ಆಗಲೇ ಅಂಚು ಹುಡುಕಿತು.

"ಏನೇ ಇದು, ತರಿತರಿ ಇದೆ!"

"ಇರಲಿ. ಎಸಿ."

ಎಸೆದಳು. ಡಿಸ್ಕು ಎರಡು ಮರಗಳ ನಡುವೆ ನೇರ ನುಗ್ಗಿತು. ಅದು ಬಲಕ್ಕೆ ಹೊರಳಲಿಲ್ಲ. ಕೊನೆಯಲ್ಲಿ ಎಡಕ್ಕೆ ವಾಲಿ ಬುಟ್ಟಿಯ ಬುಡದಲ್ಲಿ ಕೂತಿತು. ಅಕ್ಕ ಓಡಿಹೋಗಿ ತಂದು ಮತ್ತೆ ಎಸೆದಳು. ಮತ್ತೆ ಅಲ್ಲೇ.

ಆಗ ಕಾರಿನ ಮೇಲೆ ಬಿದ್ದಿದ್ದ ಅವಳ ಡಿಸ್ಕು ಕೊಟ್ಟು, ಎರಡರ ಅಂಚನ್ನೂ ಮುಟ್ಟಿಸಿದೆ. "ಆ ಏಣು ಹೋದ್ರೆ ಡಿಸ್ಕು ಬಲಕ್ಕೆ ತಿರುಗತ್ತೆ. ಅದೂ ಜೋರಾಗಿ ಎಸೆದ್ರೆ ಮಾತ್ರ, ಅಕ್ಕ."

"ನಾನು ಉಜ್ಜಿದ್ನಾ?"

"ಭಾವನ ಬಾಚಣಿಗೆ ಬಿಡದವಳು ಡಿಸ್ಕು ಬಿಡ್ತೀಯಾ?"

ಅಕ್ಕ ಹುಲ್ಲಿನ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎಡಗೈಯಿಂದ ಬಲಭುಜವನ್ನು ಮೆಲ್ಲಗೆ ಸವರಿಕೊಂಡಳು. "ಪಾಪ, ಇದಕ್ಕೆ ಎಷ್ಟು ಬೈದೆ ಕಣೆ," ಎಂದಳು. ನನ್ನ ಕಣ್ಣಲ್ಲೂ ನೀರು ಬಂತು.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಹೊಸ ಡಿಸ್ಕು ತೊಡೆಯ ಮೇಲಿದೆ, ಅವಳ ಕೈ ಜೇಬಿಗೆ ಹೋಗುತ್ತಿದೆ.

"ಅಕ್ಕಾ!"

ಅವಳು ನಾಲಿಗೆ ಕಚ್ಚಿಕೊಂಡು ಸ್ಯಾಂಡ್‌ಪೇಪರಿನ ಚೂರನ್ನು ನನ್ನ ಅಂಗೈಗೆ ಹಾಕಿದಳು.

"ನಾಳೆ ಆಟ ಮುಗಿಯೋವರೆಗೂ ನಿನ್ನ ಹತ್ರಾನೇ ಇರಲಿ. ಸೋಮವಾರ ಬೆಳಿಗ್ಗೆ ತಂದ್ಕೊಡು, ಕೆಲಸ ಇದೆ."